ಚಿಂಚೋಳಿಗೆ ಹೋಗಿಬಂದ ಕೌದಿ

ಶಿವಕಾಂತಾ,

ಊಟ ಮಾಡಿದ್ದೇನೆ, ನೀನು ಮೊದಲು ಕೇಳುವುದು ಅದೇ. ನಿನ್ನೆ ಶಹಾಬಾದಿನ ನಮ್ಮ ಗ್ಯಾರೇಜಿಗೆ ದನಗಳ ಲಸಿಕೆ ಒಯ್ಯುವ ಹಳೆಯ ಲಾರಿ ಬಂತು. ಪೆಟ್ಟಿಗೆ ತಂಪಾಗಿಡುವ ಯಂತ್ರ ಓಡುತ್ತಿತ್ತು, ಒಳಗೆ ಮಾತ್ರ ಸೆಕೆ. ಚಿಂಚೋಳಿ ಕಡೆ ದನಗಳಿಗೆ ರೋಗ ಬಿದ್ದಿದೆ. ಈ ಲಸಿಕೆ ಕೆಟ್ಟರೆ ಬೇರೆ ಬರುವುದು ಯಾವಾಗಲೋ.

“ಗ್ಯಾಸ್ ಖಾಲಿ ಆಗ್ಯಾದೇನ್ರಿ ಕಾಕಾ?” ಎಂದ ಡ್ರೈವರ್ ದಶರಥ.

ಕಾಲೇಜಿನ ಇಂಗ್ಲಿಷಿನಲ್ಲಿ ನನಗೆ ಉಳಿದದ್ದು ಗ್ಯಾಸ್ ಎಳೆಯುವ ಸಕ್ಷನ್, ಹೊರತಳ್ಳುವ ಡಿಸ್ಚಾರ್ಜ್, ಅಷ್ಟೇ. ಜ್ವರ ನೋಡಲು ನೀನು ಒಂದು ಕೈ ನನ್ನ ಹಣೆಗೆ, ಇನ್ನೊಂದು ನಿನ್ನ ಹಣೆಗೆ ಇಡುತ್ತಿದ್ದೆಯಲ್ಲ, ಹಾಗೆ ಕಂಪ್ರೆಸರಿನ ಎರಡೂ ಕೊಳವೆ ಮುಟ್ಟಿದೆ. ನಿನ್ನ ಜ್ವರ ಯಾರು ನೋಡುತ್ತಿದ್ದರೋ! ಇರಲಿ, ಲಾರಿಯ ಮಾತಿಗೆ ಬರುತ್ತೇನೆ. ಒಂದು ಕೊಳವೆ ಸುಡಬೇಕು, ಇನ್ನೊಂದು ತಣ್ಣಗಿರಬೇಕು. ಎರಡೂ ಒಂದೇ ಸಮ ಬೆಚ್ಚಗಿದ್ದವು. ಗೇಜು ಹಚ್ಚಿದರೆ ಗ್ಯಾಸ್ ಇದೆ, ಆದರೆ ಎರಡೂ ಕಡೆ ಒತ್ತಡ ಒಂದೇ. ಕಂಪ್ರೆಸರ್ ತಿರುಗುತ್ತಿತ್ತು, ತಳ್ಳುತ್ತಿರಲಿಲ್ಲ.

“ಒಳಗಿನ ವಾಲ್ವ್ ಹೋಗ್ಯಾದ. ಹೈದರಾಬಾದಿಂದ ತರಬೇಕು,” ಎಂದೆ.

“ಹಂಗಾದ್ರ ವಾಪಸ್ ಹೋಗ್ಲೇನ್ರಿ?”

“ಯಾಕ್ ಹೋಗ್ತಿ? ಸ್ಟೇಷನ್ ಕಡಿಂದ ಬರಫ್ ತಗೊಂಡ್ ಬಾ!”

ಬರಫ್ ಗಡ್ಡೆ ಬಂತು, ಲಸಿಕೆ ಪೆಟ್ಟಿಗೆಗೆ ಇಟ್ಟು ಕರಗದಂತೆ ಸುತ್ತಲು ಗೋಣಿಚೀಲ ಸಾಲಲಿಲ್ಲ. ಮನೆಗೆ ಹೋಗಿ ಟ್ರಂಕು ತೆರೆದೆ. ನಿನ್ನ ಸೀರೆಗಳನ್ನು ಸೇರಿಸಿ ನೀನೇ ಹೊಲಿದ ಕೌದಿ. ನೀನು ತೀರಿಹೋದ ಮೇಲೆ ಮಡಿಕೆ ಬಿಚ್ಚಿರಲಿಲ್ಲ.

“ಇದು ಬ್ಯಾಡ್ರಿ ಕಾಕಾ.”

“ಬಿಗಿ ಸುತ್ತು.”

ಇವತ್ತು ದಶರಥ ಚಿಂಚೋಳಿಯಲ್ಲಿ ಲಸಿಕೆ ಇಳಿಸಿ ಅದನ್ನು ಮರಳಿ ತಂದ. “ಪೆಟ್ಟಿಗಿ ಮುಟ್ಟಿದ್ರ ಕೈ ಮರಗಟ್ಟತಿತ್ರಿ!” ಎಂದು ನಕ್ಕ.

ಕೌದಿಯಲ್ಲಿ ಡೀಸೆಲ್ ವಾಸನೆ ಬಿಟ್ಟರೆ ಬೇರೆ ವಾಸನೆ ಉಳಿದಿರಲಿಲ್ಲ, ನಿನ್ನದೂ. ಒಗೆದು ಅಂಗಳಕ್ಕೆ ಹಾಸಿದ ಪರ್ಸಿ ಕಲ್ಲಿನ ಮೇಲೆ ಹರವಿದ್ದೇನೆ. ಟ್ರಂಕಿಗೆ ಇಡುವುದಿಲ್ಲ. ಒಣಗಿದ ಮೇಲೆ ಹಾಸಿಕೊಂಡು ಮಲಗುತ್ತೇನೆ.