ಎರಡೂ ಕಡೆಯ ಕೋಟುಗಳು

ಲಾಂಡ್ರಿ ಅಂಗಡಿಯ ಹಿಂದಿನ ಕೋಣೆ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ಸೊಸೆ ಎಂದು ಬರೆದರೆ ನೀನು ಇನ್ನಷ್ಟು ದೂರ ಹೋದಂತೆ ಅನಿಸುತ್ತದೆ, ಅದಕ್ಕೇ ಹೀಗೆ ಬರೆದೆ. ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತೇ? ಆ ಹೋಟೆಲಿನ ಏಸಿ ನಿನಗೆ ಆಗಿಬರುವುದಿಲ್ಲ. ಕಿವಿಗೆ ಮಫ್ಲರ್ ಸುತ್ತಿಕೊ. ಶಾಸಕಿ ಮಫ್ಲರ್ ಸುತ್ತಿಕೊಂಡಳೆಂದು ಯಾರೂ ಪೇಪರಿನಲ್ಲಿ ಹಾಕುವುದಿಲ್ಲ. (ಹಾಕಿದರೂ ಹಾಕಿಯಾರು, ಈಗ ಅವರಿಗೆ ಬೇರೆ ಸುದ್ದಿಯೇ ಇಲ್ಲ.) ಮಾತುಕತೆ ಮುಗಿಯುವವರೆಗೆ ಎಲ್ಲರ ಫೋನೂ ತೆಗೆದಿಟ್ಟಿದ್ದಾರೆ, ಬಟ್ಟೆಯ ಚೀಲ ಮಾತ್ರ ಒಳಗೆ ಬಿಡುತ್ತಾರೆ ಎಂದು ಅದನ್ನು ಒಯ್ಯಲು ಬಂದ ಡ್ರೈವರ್ ಹೇಳಿದ. ಹಾಗಾಗಿ ಈ ಕಾಗದ ನಿನ್ನ ಒಗೆದ ಬಟ್ಟೆಗಳ ನಡುವೆ ಕೂತು ಬರುತ್ತಿದೆ. ಇಲ್ಲಿ ಎಲ್ಲರೂ ಆರಾಮ. ಪುಟ್ಟಿಗೆ ಮುಂದಿನ ಹಲ್ಲು ಬಿತ್ತು. ಅಮ್ಮ ಬಂದು ನೋಡುವವರೆಗೆ ಹೊಸದು ಬರಬಾರದು ಎಂದು ಕನ್ನಡಿಯ ಮುಂದೆ ನಿಂತು ಹಲ್ಲಿಗೇ ಗದರಿಸುತ್ತಿದ್ದಾಳೆ. ನಿನ್ನ ಗಂಡನ ವಿಷಯ ಆಮೇಲೆ ಬರೆಯುತ್ತೇನೆ.

ಸರ್ಕಾರವಿಲ್ಲ ಎಂಬುದು ನಮ್ಮ ಬೀದಿಗೆ ಇನ್ನೂ ಗೊತ್ತಾದಂತಿಲ್ಲ. ಬೆಳಿಗ್ಗೆ ಕಸದ ಗಾಡಿ ಬರುತ್ತದೆ, ಸಂಜೆ ದೀಪ ಹತ್ತುತ್ತದೆ, ಮೂಲೆಯ ಸಿಗ್ನಲ್ ಯಾರೂ ಇಲ್ಲದ ರಸ್ತೆಗೆ ಕೆಂಪು ತೋರಿಸಿ, ತಾನೇ ಯೋಚನೆ ಮಾಡಿ, ಹಸಿರಾಗುತ್ತದೆ. ಹಳಬರಿಗೂ ಬಹುಮತವಿಲ್ಲ, ಹೊಸಬರಿಗೂ ಇಲ್ಲ, ನಡುವೆ ಪಕ್ಷೇತರಳು ನೀನೊಬ್ಬಳು, ನಾಳೆ ನೀನು ಯಾರಿಗೆ ಕೈ ಎತ್ತಿದರೆ ಅವರದೇ ಸರ್ಕಾರ. ಇಷ್ಟು ದೊಡ್ಡ ವಿಷಯ ನಮ್ಮ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಕೈಗೆ ಬಂತಲ್ಲ ಎಂದು ಒಮ್ಮೊಮ್ಮೆ ನಗು ಬರುತ್ತದೆ. ಎದುರಿನ ಕ್ಷೌರದವನು ಮಾತ್ರ ನಿಶ್ಚಿಂತ. ಸರ್ಕಾರ ಇಲ್ಲ ಅಂತ ಯಾರ ಗಡ್ಡನಾದ್ರೂ ಬೆಳೆಯೋದು ನಿಂತಿದ್ಯಾ, ಹೇಳಿ ನೋಡೋಣ, ಎನ್ನುತ್ತಾನೆ. ಬ್ರೆಡ್ಡಿನ ಅಂಗಡಿಯವಳು ನೀನು ಮಂತ್ರಿಯಾಗಲೇಬೇಕು ಎನ್ನುತ್ತಾಳೆ. ಯಾವ ಖಾತೆ ಎಂದರೆ ಯಾವುದಾದ್ರೂ ಸರಿ, ಕಾರಿನ ಮೇಲೆ ದೀಪ ಇದ್ದರಾಯ್ತು ಎನ್ನುತ್ತಾಳೆ. ಬಟ್ಟೆ ಕೊಡಲು ಬಂದವರೆಲ್ಲ ನಿಮ್ಮ ಸೊಸೆ ಎಡಕ್ಕೋ ಬಲಕ್ಕೋ ಅಜ್ಜೀ ಎಂದು ನನ್ನನ್ನು ಕೇಳುತ್ತಾರೆ. ಮಲಗೋದು ಬಲಮಗ್ಗುಲಿಗೆ, ಅಷ್ಟು ಮಾತ್ರ ನಂಗೆ ಗೊತ್ತು ಎಂದು ಬಾಯಿ ಮುಚ್ಚಿಸುತ್ತೇನೆ.

ಆದರೆ ಬಸುರಿ ಹೆಂಗಸರು ಹಾಗೆ ಕೇಳುವುದಿಲ್ಲ. ಹೆರಿಗೆ ವಾರ್ಡು ಇರತ್ತಲ್ವಾ ಅಂತಷ್ಟೇ ಕೇಳುತ್ತಾರೆ. ನೀನು ನರ್ಸಾಗಿ ದುಡಿದಿದ್ದ ಆ ವಾರ್ಡನ್ನು ಮುಚ್ಚಲು ಬಿಡುವುದಿಲ್ಲ ಎಂದಿದ್ದಕ್ಕೇ ಅಲ್ಲವೇ ಅವರು ನಿನಗೆ ಮತ ಹಾಕಿದ್ದು. ಹಳಬರು ಅದನ್ನು ನದಿಯಾಚೆಯ ದೊಡ್ಡಾಸ್ಪತ್ರೆಗೆ ಸೇರಿಸಿಬಿಡುತ್ತೇವೆ ಎನ್ನುತ್ತಾರೆ. ಹೊಸಬರು ನೋಡೋಣ ಎನ್ನುತ್ತಾರೆ. ನೋಡೋಣ ಎಂದವರ ಕಣ್ಣು ಎಲ್ಲಿರುತ್ತದೆ ಎಂದು ನಿನಗೇ ಗೊತ್ತು. ನಿನ್ನ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆನೋ, ನನಗೂ ಹೊಳೆಯುತ್ತಿಲ್ಲ.

ಒಂದು ತಮಾಷೆ ಕೇಳು. ಪ್ರಮಾಣವಚನಕ್ಕೆಂದು ಹಳಬರ ನಾಯಕರ ಮನೆಯಿಂದ ಕೋಟು, ಅಂಗಿ ಎಲ್ಲ ಇಸ್ತ್ರಿಗೆ ಬಂದವು. ಅದೇ ಸಂಜೆ ಹೊಸಬರ ನಾಯಕರ ಕೋಟೂ ಬಂತು, ಅದೂ ಪ್ರಮಾಣವಚನಕ್ಕೇ. ಎರಡನ್ನೂ ಒಂದೇ ಕಂಬಿಗೆ ತೂಗುಹಾಕಿದೆ. ಫ್ಯಾನಿನ ಗಾಳಿಗೆ ಒಂದರ ತೋಳು ಇನ್ನೊಂದರ ಹೆಗಲು ಮುಟ್ಟುತ್ತಿತ್ತು. ಇಸ್ತ್ರಿಯ ಹಬೆಯ ಬಿಸಿಗೆ ಕೂತಲ್ಲೇ ಜೊಂಪು ಹತ್ತಿ ಕನಸು ಬಿತ್ತು. ದೊಡ್ಡ ಸಭಾಂಗಣ, ಮಂಜು ಕವಿದಂತೆ ಹಬೆ, ಕುರ್ಚಿಗಳಲ್ಲೆಲ್ಲ ಬರೀ ಕೋಟುಗಳು ಕೂತಿವೆ, ಒಳಗೆ ಮನುಷ್ಯರಿಲ್ಲ. ಎಲ್ಲೋ ಹಸುಗೂಸು ಅಳುತ್ತಿದೆ. ಎತ್ತಿಕೊಳ್ಳಬೇಕಾದವರು ಯಾರು ಎಂದು ಕೋಟುಗಳು ಒಂದನ್ನೊಂದು ಕೇಳಿಕೊಳ್ಳುತ್ತಿವೆ, ಬಹಳ ಮರ್ಯಾದೆಯಿಂದ, ತಾವು ಮೊದಲು, ಇಲ್ಲ ತಾವು ಮೊದಲು ಎಂದು. ನನಗೆ ಏಳಲು ಆಗುತ್ತಿಲ್ಲ, ಮಡಿಲ ತುಂಬ ಇಸ್ತ್ರಿಯಾದ ಬಿಳಿ ಹಾಸುಗಳು. ಎಚ್ಚರವಾದಾಗ ಗಿರಾಕಿಯೊಬ್ಬರು ಕೌಂಟರ್ ತಟ್ಟುತ್ತಿದ್ದರು.

ಹೊತ್ತಿಗೆ ಸರಿಯಾಗಿ ಉಣ್ಣು. ಅವರ ಮಾತುಕತೆ ಎಷ್ಟು ಎಳೆದರೂ ನಡುವೆ ಎದ್ದುಹೋಗಿ ಊಟ ಮಾಡು, ಹಸಿದ ಹೊಟ್ಟೆಯಲ್ಲಿ ಯಾವುದಕ್ಕೂ ಹೂಂ ಅನ್ನಬೇಡ. ಪುಟ್ಟಿ ಮುತ್ತು ಕೊಟ್ಟಿದ್ದಾಳೆ. ನನ್ನ ಕೈ ನಿನ್ನ ತಲೆಯ ಮೇಲಿದೆ ಎಂದುಕೊ, ನಿನಗೆ ಒಳ್ಳೆಯದೇ ಆಗುತ್ತದೆ.

ನಿನ್ನ
ಅತ್ತೆ

ತಾ.ಕ.: ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಹೇಳಿಬಿಡುತ್ತೇನೆ. ಒಂದು ಮನೆಯ ಬಟ್ಟೆಗಳಿಗೆಲ್ಲ ನಾವು ಒಂದೇ ಬಣ್ಣದ ದಾರ ಕಟ್ಟುತ್ತೇವಲ್ಲ, ಇವತ್ತು ಬೆಳಿಗ್ಗೆ ನೋಡಿದರೆ ನಿನ್ನ ನೀಲಿ ಕೋಟಿಗೆ ಹಳಬರ ನಾಯಕರ ಬಟ್ಟೆಯ ಹಸಿರು ದಾರ ಕಟ್ಟಿದೆ. ನಿನ್ನ ಗಂಡನ ಕೆಲಸ. ಮರೆತು ಕಟ್ಟಿದೆ ಎಂದ. ಅವನು ಎಂದೂ ದಾರ ತಪ್ಪಿದವನಲ್ಲ. ಗದರಿಸಿದ ಮೇಲೆ ಬಾಯಿಬಿಟ್ಟ. ನೀನು ತಮ್ಮವಳೆಂಬ ಗುರುತಿಗೆ ನಿನ್ನ ಕೋಟೂ ತಮ್ಮ ಬಟ್ಟೆಗಳ ಜೊತೆಗೇ ಬರಲಿ ಎಂದು ಹಳಬರು ಹೇಳಿಕಳಿಸಿದ್ದರಂತೆ. ವಾರ್ಡು ಸೇರಿಸಿದ ಮೇಲೆ ದೊಡ್ಡಾಸ್ಪತ್ರೆಯ ಹಾಸು ಹೊದಿಕೆಯೆಲ್ಲ ಒಗೆಯಲು ನಮಗೇ ಕೊಡುತ್ತಾರಂತೆ. ನೀನು ಅವರ ಕಡೆಗೇ ಕೈ ಎತ್ತುತ್ತೀಯ ಎಂದು ಇವನು ಮಾತು ಕೊಟ್ಟಿದ್ದಾನೆ. ನಾಳೆ ಸಭೆಗೆ ಹೋಗುವ ಮುಂಚೆ ಆ ಮಾತನ್ನೇ ನಿನ್ನ ಮುಂದಿಟ್ಟು ಕಟ್ಟಿಹಾಕುತ್ತಾರೆ, ಅದಕ್ಕೇ ಮೊದಲೇ ಹೇಳುತ್ತಿದ್ದೇನೆ. ಕೆಟ್ಟವನಲ್ಲ ಅವನು, ಹಬೆಯಲ್ಲಿ ನಿಂತೂ ನಿಂತೂ ಸಾಕಾಗಿದ್ದಾನೆ. ಆದರೆ ಮಾತು ಕೊಟ್ಟವನು ಅವನು, ನೀನಲ್ಲ. ದಾರ ಕತ್ತರಿಸಿ ಕೋಟನ್ನು ಬೇರೆಯಾಗಿಯೇ ಕಳಿಸಿದ್ದೇನೆ. ನಿನಗೆ ಸರಿಕಂಡಂತೆ ಮಾಡು. ಅವನು ಸ್ವಲ್ಪ ದಿನ ಮುಖ ಊದಿಸಿಕೊಂಡು ತಿರುಗುತ್ತಾನೆ, ತಿರುಗಲಿ. ಅಲ್ಲಿಯವರೆಗೆ ನೀನು, ಪುಟ್ಟಿ ನನ್ನ ಕೋಣೆಯಲ್ಲಿ ಮಲಗಿ.