ಮೇಡಂ ಮುರಿದ ಅಳತೆಗೋಲು

ಮಾರ್ಚ್ 4, ಮಧ್ಯಾಹ್ನ

ಆಸ್ಪತ್ರೆಯಲ್ಲಿ ರೋಗಿಗಳಿಗೆ ಪ್ರಶ್ನೆ ಓದಿ ಓದಿ ಗಂಟಲು ಒಣಗಿದೆ. ಶುಗರ್ ಇರುವವರು ತಮ್ಮನ್ನು ತಾವು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಾರೆ — ಇಪ್ಪತ್ತು ಪ್ರಶ್ನೆ. ನಾನು ಕೇಳುವುದು, ಟಿಕ್ ಹಾಕುವುದು. ಪ್ರಶ್ನೆಗಳು ಇಲ್ಲಿ ಸಂಶೋಧನೆ ನೋಡಿಕೊಳ್ಳುವ ನಮ್ಮ ಮೇಡಂ ಮಾಡಿದವು. ಅವರಿಗೆ ಹೆಸರು ತಂದದ್ದೇ ಅವು.

ಇವತ್ತು ಟೈಲರ್ ಮತ್ತು ಅವರ ಹೆಂಡತಿ. ಇಬ್ಬರಿಗೂ ಶುಗರ್. ಊಟ, ಮಾತ್ರೆ ಹೊತ್ತಿಗೆ ಸರಿಯಾಗಿ ಆಗುತ್ತದೆಯೇ?

"ಯಾವಾಗ್ಲೂ!" ಎಂದರು ಆತ, ಎದೆಯುಬ್ಬಿಸಿ.

ಆಕೆ ನಕ್ಕರು. "ನಂದು ಕೆಲವೊಮ್ಮೆ ಅಂತ ಬರ್ಕೊಳಮ್ಮ. ಇವರ ಕೈಗೆ ಮಾತ್ರೆ ಕೊಟ್ಟು, ಅತ್ತೆಗೆ ಉಣ್ಸಿ, ಆಮೇಲೆ ತಾನೇ ನಾನು?"

ಆತನಿಗೆ ಹೆಚ್ಚು ಅಂಕ, ಆಕೆಗೆ ಕಡಿಮೆ. ಮೂರು ತಿಂಗಳ ಶುಗರ್ ರಿಪೋರ್ಟ್ ನೋಡಿದರೆ... ಇಬ್ಬರದೂ ಒಂದೇ!

ಮಾರ್ಚ್ 19

ಫಲಿತಾಂಶ ಬಂತು. ಹೆಂಗಸರು ಹಿಂದೆ. ದೊಡ್ಡ ಡಾಕ್ಟರು "ಹೆಂಗಸರಿಗೆ ವಾರವಾರ ತಿಳುವಳಿಕೆ ಕ್ಲಾಸು" ಎಂದು ಹೊರಟಿದ್ದಾರೆ. ಮೊದಲೇ ಉಸಿರಾಡಲು ಪುರಸೊತ್ತಿಲ್ಲದವರಿಗೆ!

ಧೈರ್ಯ ಮಾಡಿ ಟೈಲರ್ ಹೆಂಡತಿಯ ಮಾತನ್ನು ಮೇಡಂಗೆ ಹೇಳಿದೆ. ಬೈಯಲಿಲ್ಲ. ಉತ್ತರದ ಹಾಳೆಗಳ ಕಟ್ಟು ಬಿಚ್ಚಿ ಕೂತರು. ಅವರ ಟೀ ಆರಿಹೋಯಿತು.

ಮಾರ್ಚ್ 27

ಮೇಡಂ ಒಂದೇ ಮಟ್ಟದ ಶುಗರ್ ಇರುವ ಗಂಡಸರ, ಹೆಂಗಸರ ಉತ್ತರಗಳನ್ನು ಪಕ್ಕಪಕ್ಕ ಇಟ್ಟು ನೋಡಿದರಂತೆ. ಕೆಲವು ಪ್ರಶ್ನೆಗಳಲ್ಲಿ ಪ್ರತಿಸಲವೂ ಹೆಂಗಸರಿಗೇ ಕಡಿಮೆ ಅಂಕ.

"ಅವರು ಹಿಂದಿಲ್ಲ ಕಣೆ," ಎಂದರು. "ಹೆಂಡತಿ ಕೈಗಿಟ್ಟ ಮಾತ್ರೆಗೂ ಗಂಡನಿಗೇ ಅಂಕ. ನಾನು ಅಳೆದದ್ದೇ ತಪ್ಪು."

ಏಪ್ರಿಲ್ 2

ಮೀಟಿಂಗ್. ಮೇಡಂ ಎದ್ದುನಿಂತು ಎಲ್ಲವನ್ನೂ ಹೇಳಿದರು. ದೊಡ್ಡ ಡಾಕ್ಟರು ನಕ್ಕರು — "ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ!"

"ನೆಲ ನಿಜವಾಗ್ಲೂ ಡೊಂಕು, ಸರ್. ಹಾಕಿದವಳು ನಾನೇ."

ದೊಡ್ಡ ಡಾಕ್ಟರು ಫೈಲು ಮುಚ್ಚಿದರು. ಕ್ಲಾಸಿನ ಮಾತು ಅಲ್ಲಿಗೇ ನಿಂತಿತು. ಇಷ್ಟು ವರ್ಷದ ಹೆಸರನ್ನು ಕಾಲ ಮೇಲಿನ ಧೂಳಿನಂತೆ ಕೊಡವಿದರಲ್ಲ... ನನಗಂತೂ ಚಪ್ಪಾಳೆ ತಟ್ಟುವ ಆಸೆ. ಕೈ ಕಟ್ಟಿಕೊಂಡು ಕೂತೆ.

ಮೇ 11

ಮೇಡಂ ಈಗ ದಿನವೂ ರೋಗಿಗಳ ಬೆಂಚಿನಲ್ಲೇ. ರೋಗಿಗಳ ಬಾಯಿಂದಲೇ ಹೊಸ ಪ್ರಶ್ನೆಗಳು ಹುಟ್ಟುತ್ತಿವೆ. ಇವತ್ತು ಒಂದನ್ನು ಕೇಳಿ ನೋಡಿದೆವು: ಕಾಯಿಲೆ ನೋಡಿಕೊಳ್ಳುವ ಕೆಲಸದಲ್ಲಿ ನಿಮ್ಮ ಪಾಲೆಷ್ಟು, ಮನೆಯವರ ಪಾಲೆಷ್ಟು?

ಬೆಂಚಿನಲ್ಲಿದ್ದ ಮುದುಕ ಲಾರಿ ಡ್ರೈವರ್ ಒಬ್ಬರು ಹೆಗಲ ಟವೆಲ್ ಸರಿಮಾಡಿಕೊಂಡರು.

"ಮೊದ್ಲು ಎಲ್ಲಾ ನನ್ ಹೆಂಡ್ತೀದೇ ಪಾಲು, ತಾಯಿ. ಅವಳು ಹೋದ್ಮೇಲೆ ಒಂದೊಂದೇ ಕಲ್ತೆ."

ಮೇಡಂ ಪೆನ್ನು ಕೆಳಗಿಟ್ಟರು. "ಹೇಗೆ ಕಲಿತ್ರಿ? ನಿಧಾನವಾಗಿ ಹೇಳಿ."

ಇದುವರೆಗೆ ಯಾರೂ ಕೇಳಿರಲಿಲ್ಲವಂತೆ. ಕಣ್ಣೊರೆಸಿಕೊಂಡು ಶುರುಮಾಡಿದರು. ಮೊದಲ ದಿನ ಅಡುಗೆಮನೆಯಲ್ಲಿ ನಿಂತು ಮಾತ್ರೆ ಡಬ್ಬಿ ಎಲ್ಲಿದೆಯೆಂದು ಹುಡುಕಿದ್ದರಂತೆ. ನಾನು ಟಿಕ್ ಹಾಕುವ ಹಾಳೆ ಬದಿಗಿಟ್ಟು ಬರೆದುಕೊಳ್ಳತೊಡಗಿದೆ.