ಹದ್ದಿನಕೋಡಿಗೆ ಮುಂಚೆ ಹೊರಟ ಚೀಲ

೧೨ ಸೆಪ್ಟೆಂಬರ್ ೧೯೭೮, ಮಂಗಳವಾರ

ನಲ್ಲಿ ನೀರು ಐದೂವರೆಗೇ ನಿಂತಿತು. ಎರಡು ಕೊಡ, ಅರ್ಧ ಬಕೆಟ್. ಸೀಮೆಎಣ್ಣೆ ಸ್ಟವ್ ಎಷ್ಟು ಪಿನ್ ಹಾಕಿದರೂ ಮುನಿಸಿಕೊಂಡೇ ಇತ್ತು. ಮನೆಯಿಂದ ಸ್ಕೂಲಿಗೆ ಎಂಟು ನಿಮಿಷ. ಇಡೀ ರಾಜಾಜಿನಗರದಲ್ಲಿ ನನ್ನಷ್ಟು ಹತ್ತಿರದ ಟೀಚರ್ ಇಲ್ಲ, ನನ್ನಷ್ಟು ಲೇಟಾಗಿ ಬರುವವಳೂ ಇಲ್ಲ. ಹೆಡ್‌ಮಿಸ್ ಗಡಿಯಾರ ನೋಡಿದರು.

ಏಳನೇ ಕ್ಲಾಸಿಗೆ ಭೂಗೋಳ. ಭೂಶಿರದ ಚಿತ್ರ ಬಿಡಿಸಿದೆ. ಹತ್ತೊಂಬತ್ತು ವರ್ಷದಿಂದ ಅದೇ ಚಿತ್ರ... ಸಮುದ್ರಕ್ಕೆ ಚಾಚಿದ ನೆಲ, ಮೂರು ಕಡೆ ನೀರು, ಗಾಳಿಗೆ ನಾಲ್ಕು ಬಾಣದ ಗುರುತು. ಮೂರನೇ ಬೆಂಚಿನ ನೀಲಮ್ಮ ಎದ್ದಳು. ಮಿಲ್ಲಿನ ಕೆಲಸದವರ ಮಗಳು, ಏನಾದರೂ ಕೇಳದಿದ್ದರೆ ಉಂಡದ್ದು ಅರಗುವುದಿಲ್ಲ.

"ಮಿಸ್, ನೀವು ನೋಡಿದೀರಾ?"

"ನೋಡಿದೀನಿ ಕಣೇ, ಕೂತ್ಕೋ."

ಹೇಗೆ ಬಂತೋ ಬಾಯಿಗೆ. ನಾನು ನೋಡಿರುವ ಅತಿ ದೊಡ್ಡ ನೀರು ಸ್ಯಾಂಕಿ ಕೆರೆ.

೧೩, ಬುಧವಾರ

ಇವತ್ತು ನಲವತ್ತು ಹುಡುಗಿಯರೂ ಕೈಕಟ್ಟಿ ಕೂತಿದ್ದರು. ಎಲ್ಲಿ ಮಿಸ್, ಹೇಗಿತ್ತು ಮಿಸ್. ಹೇಳಿದೆ. ಹೇಳಿದ್ದೆಲ್ಲ ಸತ್ಯವತಿಯ ಸರಕು. ಸತ್ಯವತಿ ನಮ್ಮಲ್ಲೇ ಕನ್ನಡ ಟೀಚರ್, ಬಸವೇಶ್ವರನಗರದಲ್ಲಿ ಒಬ್ಬಳೇ ಇದ್ದಾಳೆ. ಅವಳ ಚಿಕ್ಕಮ್ಮನ ಮನೆ ಹೊನ್ನಾವರದಿಂದ ಆಚೆ, ಹದ್ದಿನಕೋಡಿ ಎಂಬ ಭೂಶಿರದ ಬುಡದಲ್ಲಿ. ಬಸ್ಸಿಳಿದು ಮೂರು ಮೈಲಿ ನಡೆಯಬೇಕಂತೆ. ಛತ್ರಿ ಮಗುಚಿಕೊಂಡದ್ದು, ಬಂಡೆ ತಬ್ಬಿಕೊಂಡು ನಿಂತದ್ದು, ಕೂಗಿದರೆ ಸ್ವಂತ ದನಿಯೇ ಕಿವಿಗೆ ಬೀಳದ್ದು — ಎಲ್ಲ ಅವಳದು. "ಅವಳು" ಇದ್ದಲ್ಲೆಲ್ಲ "ನಾನು" ಹಾಕಿದೆ, ಅಷ್ಟೆ. ಅವಳಿಗಿಂತ ಚೆನ್ನಾಗಿಯೇ ಹೇಳಿದೆ ಅನ್ನುವುದು ಇನ್ನೂ ನಾಚಿಕೆಗೇಡು.

೨೧, ಗುರುವಾರ

ಭೂಮಿ ಬಾಯಿಬಿಡಬಾರದೇ. ನೀಲಮ್ಮ ಪ್ರಬಂಧ ಬರೆದಿದ್ದಾಳೆ, "ನಮ್ಮ ಮಿಸ್ ಕಂಡ ಸಮುದ್ರ". ಹೆಡ್‌ಮಿಸ್ ಅದನ್ನು ಪ್ರೇಯರ್‌ನಲ್ಲಿ ಇಡೀ ಸ್ಕೂಲಿಗೆ ಓದಿದರು. ಆಮೇಲೆ ಚಪ್ಪಾಳೆ. ಸತ್ಯವತಿ ನನ್ನ ಪಕ್ಕದಲ್ಲೇ ನಿಂತಿದ್ದಳು. ಛತ್ರಿ ಮಗುಚಿದ ಸಾಲು ಬಂದಾಗ ತಿರುಗಿ ನನ್ನನ್ನು ನೋಡಿದಳು. ಬಂಡೆ ಬಂದಾಗ ಸೆರಗು ಬಾಯಿಗೆ ತುರುಕಿಕೊಂಡಳು.

ಸ್ಟಾಫ್ ರೂಮಿನಲ್ಲಿ ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಪುಣ್ಯಾತ್ಗಿತ್ತಿ, ಬಯ್ಯಲಿಲ್ಲ. ದಸರಾ ರಜಕ್ಕೆ ಹೋಗಿ ನೋಡಿಕೊಂಡು ಬಾ, ಚಿಕ್ಕಮ್ಮನಿಗೆ ಕಾಗದ ಹಾಕುತ್ತೇನೆ ಅಂದಳು.

ಹೋದರೆ ಸುಳ್ಳು ನಿಜವಾಗುತ್ತದೆ. ಹಿಂದಿನ ತಾರೀಖು ಹಾಕಿ ಸಹಿ ಮಾಡಿದ ಹಾಗೆ. ಅದೊಂದೇ ಅಲ್ಲ. ಇಲ್ಲಿ ಯಾರೂ ಓದುವುದಿಲ್ಲವಲ್ಲ, ಬರೆದೇಬಿಡುತ್ತೇನೆ — ನನಗೆ ಸಮುದ್ರ ನೋಡಬೇಕು. ನಲವತ್ತೆರಡು ವರ್ಷ ಆಯಿತು, ನೋಡಬೇಕು.

೨೪, ಭಾನುವಾರ

ಊಟಕ್ಕೆ ಬಡಿಸುತ್ತಾ ವಿಷಯ ತೆಗೆದೆ. ಇವರು ಸಾರು ಕಲಸಿಕೊಳ್ಳುತ್ತಾ "ಹೋಗೋಣ" ಅಂದರು. ಇಷ್ಟು ಸುಲಭವಾಗಿದ್ದರೆ ಹತ್ತೊಂಬತ್ತು ವರ್ಷ ಯಾಕೆ ಕೇಳಲಿಲ್ಲ ನಾನು? ಅತ್ತೆ ಮಾತ್ರ, ಉಪ್ಪುನೀರು ನೋಡೋದಕ್ಕೆ ಅಷ್ಟು ದೂರ ಯಾಕೆ, ಉಪ್ಪಿನ ಜಾಡಿಗೆ ನೀರು ಹಾಕಿ ಕೊಡ್ತೀನಿ ಅಂದರು.

ರಾತ್ರಿ ಪಾತ್ರೆ ತೊಳೆಯುವಾಗ ಹಾಡು ಬಂತು ಬಾಯಿಗೆ. ಅತ್ತೆ ಒಳಗಿನಿಂದ ಕೆಮ್ಮಿದರು.

೨೮, ಗುರುವಾರ

ಇವರಿಗೆ ಫ್ಯಾಕ್ಟರಿಯಲ್ಲಿ ಲೀವ್ ಇಲ್ಲ. ಹೊಸ ಮೆಷಿನ್ ಕೂರಿಸುತ್ತಾರಂತೆ. ಮುಗಿಯಿತು ಅಂದುಕೊಂಡು ಬೀನ್ಸ್ ಹೆಚ್ಚುತ್ತಾ ಕೂತೆ. ಸಿಟ್ಟಿಗೆ ಒಂದು ಸೇರು ಹೆಚ್ಚಿದ್ದೆ, ಮೂರು ದಿನದ್ದು. ಅತ್ತೆ ಎದುರಿಗೆ ಬಂದು ಕೂತು ಚಾಕು ಕಿತ್ತುಕೊಂಡರು.

"ಚಕ್ರಪಾಣಿ ಇಲ್ದಿದ್ರೆ ಏನಂತೆ. ನಾನ್ ಬರ್ತೀನಿ."

ಅತ್ತೆಗೆ ಅರವತ್ತೇಳು. ಕಮಲಾಕ್ಷಮ್ಮನವರು ಮಲ್ಲೇಶ್ವರದ ಆಚೆ ಹೋಗಬೇಕಾದರೂ ಪಂಚಾಂಗ ತೆಗೆಯುವವರು.

೩೦, ಶನಿವಾರ

ಇವತ್ತೇ ಕೊನೆ, ನಾಳೆಯಿಂದ ರಜ. ಹೋಗಿಬಂದು ಸುಮ್ಮನಿದ್ದುಬಿಡುವುದು ಅಂತ ಇತ್ತು. ನೀಲಮ್ಮ ಬಂದು, ಪ್ರಬಂಧದಲ್ಲಿ ತಪ್ಪಿದ್ದರೆ ತಿದ್ದಿಕೊಡಿ ಮಿಸ್ ಅಂದಳು. ಕಾಗುಣಿತ ಒಂದೂ ತಪ್ಪಿಲ್ಲ. ತಪ್ಪು ಇರುವುದೆಲ್ಲ ನನ್ನದು.

ಬೋರ್ಡಿಗೆ ಬೆನ್ನು ಮಾಡಿ ನಿಂತು ಹೇಳಿಬಿಟ್ಟೆ. ನಾನು ಸಮುದ್ರ ನೋಡಿಲ್ಲ, ನಿಮಗೆ ಹೇಳಿದ್ದು ಸುಳ್ಳು, ಈಗ ಹೋಗುತ್ತಿದ್ದೇನೆ. ನೀಲಮ್ಮನ ಮುಖ ಸಪ್ಪಗಾಯಿತು, ಅದನ್ನು ನೋಡುವುದೇ ಕಷ್ಟವಾಯಿತು. ಬೆಲ್ ಹೊಡೆದ ಮೇಲೆ ಎಲ್ಲರೂ ಹೋದರು, ಅವಳು ಉಳಿದಳು. ನೋಟ್‌ಬುಕ್ಕಿನ ಹಾಳೆ ಹರಿದು ಏನೋ ಗೀಚಿ ಕೈಗೆ ಕೊಟ್ಟಳು.

"ಇದ್ನೆಲ್ಲ ನೋಡ್ಕಂಡ್ ಬನ್ನಿ ಮಿಸ್. ಈ ಸಲ ನಿಜ ಹೇಳ್ಬೇಕು."

ಹಾಳೆ ತುಂಬ ಪ್ರಶ್ನೆ. ಇದೇ ಡೈರಿಯಲ್ಲಿ ಇಟ್ಟುಕೊಂಡಿದ್ದೇನೆ.

೫ ಅಕ್ಟೋಬರ್, ಗುರುವಾರ

ರಿಸರ್ವೇಶನ್ ಆಯಿತು. ೧೩ನೇ ತಾರೀಖು, ಸಂಜೆ ಏಳರ ಬಸ್ಸು, ಬೇರೆ ಯಾವ ದಿನವೂ ಸೀಟಿಲ್ಲ. ಕುಣಿಯುತ್ತಾ ಮನೆಗೆ ಬಂದೆ. ಅತ್ತೆ ಕನ್ನಡಕ ಏರಿಸಿ ಪಂಚಾಂಗ ಬಿಡಿಸಿದರು. ಶುಕ್ರವಾರ ಪಶ್ಚಿಮಕ್ಕೆ ವಾರಶೂಲೆ, ಹೊರಡಲೇಕೂಡದು. ಸಮುದ್ರ ಬೇರೆ ದಿಕ್ಕಿಗೆ ಇರಲಿ ಅಂದರೆ ಇರುತ್ತದೆಯೇ?

ಆದರೆ ಕಮಲಾಕ್ಷಮ್ಮನವರಿಗೂ ಹೋಗುವ ಆಸೆ ಹತ್ತಿದೆ. ದಾರಿ ಅವರೇ ಹುಡುಕಿದರು. ವಿಜಯದಶಮಿಯ ದಿನ ಪ್ರಸ್ಥಾನ ಇಡೋಣ ಅಂದರು. ಒಳ್ಳೆಯ ದಿನ ನಮ್ಮ ಚೀಲವನ್ನು ಹೋಗುವ ದಿಕ್ಕಿನಲ್ಲೇ ಯಾರದಾದರೂ ಮನೆಯಲ್ಲಿ ಇಟ್ಟು ಬಂದರೆ ಪ್ರಯಾಣ ಅವತ್ತೇ ಹೊರಟ ಲೆಕ್ಕ. ನಾವು ಆಮೇಲೆ ಯಾವಾಗ ಹೋದರೂ ದೋಷವಿಲ್ಲ. ಒಂದೇ ಷರತ್ತು, ಇಟ್ಟ ಚೀಲ ಮತ್ತೆ ಮನೆಗೆ ಬರಬಾರದು. ಪಶ್ಚಿಮಕ್ಕೆ ಸತ್ಯವತಿ ಇದ್ದಾಳಲ್ಲ.

೧೧, ಬುಧವಾರ. ವಿಜಯದಶಮಿ

ಅತ್ತೆ ಚೀಲಕ್ಕೆ ಅರಿಶಿನ ಕುಂಕುಮ ಹಚ್ಚಿದರು. ಇಬ್ಬರೂ ಬಸವೇಶ್ವರನಗರಕ್ಕೆ ನಡೆದೇ ಹೋದೆವು, ಒಂದೊಂದು ಹಿಡಿ ಒಬ್ಬೊಬ್ಬರು ಹಿಡಿದು. ಖಾಲಿ ಸೈಟುಗಳ ಮೇಲೆ ಒಳ್ಳೆ ಗಾಳಿ. "ಇದಕ್ಕಿಂತ ಜೋರಿರುತ್ತೇನೇ ಅಲ್ಲಿ?" ಅಂದರು. ಇರುತ್ತೆ ಅತ್ತೆ ಅಂದೆ, ಅಭ್ಯಾಸಬಲ. ಸತ್ಯವತಿ ಚೀಲಕ್ಕೆ ಮಣೆ ಹಾಕಿ ಕೂರಿಸಿದಳು, ನಮಗೆ ಬರೀ ಚಾಪೆ.

೧೩, ಶುಕ್ರವಾರ, ಮಧ್ಯಾಹ್ನ ಒಂದೂವರೆ

ಟಿಕೆಟ್ ಇಲ್ಲ. ಟ್ರಂಕು, ಸಾಸಿವೆ ಡಬ್ಬಿ, ದೇವರ ಪಟದ ಹಿಂದೆ — ಎಲ್ಲೂ ಇಲ್ಲ. ಕೊನೆಗೆ ಅತ್ತೆ ಮೆಲ್ಲಗೆ ಬಾಯಿಬಿಟ್ಟರು. ಪ್ರಯಾಣದ ಮುಖ್ಯ ವಸ್ತು ಅಂತ ಟಿಕೆಟ್ಟನ್ನು ಅಕ್ಷತೆಯ ಜೊತೆ ಗಂಟು ಕಟ್ಟಿ ಚೀಲದ ತಳದಲ್ಲಿ ಇಟ್ಟಿದ್ದಾರೆ. ಸರಿ, ಈಗಲೇ ಹೋಗಿ ಚೀಲ ತರುತ್ತೇನೆ ಅಂದೆ. ಮನೆಗೆ ತರಬಾರದು ಅಂದರು. ಹಲ್ಲು ಕಚ್ಚಿದೆ.

ಸಂಜೆ ಆರೂ ಮುಕ್ಕಾಲು, ಮೆಜೆಸ್ಟಿಕ್

ನಗು ತಡೆಯಲಾಗುತ್ತಿಲ್ಲ, ಅಕ್ಷರವೆಲ್ಲ ಸೊಟ್ಟ. ಅತ್ತೆಯನ್ನೂ ಕರೆದುಕೊಂಡು ಹೋದರೆ ಸತ್ಯವತಿಯ ಮನೆಗೆ ಬೀಗ. ಮನೆ ಓನರ್ ರಾಮಕ್ಕ ಹೊರಗೆ ಬಂದು, ಸತ್ಯವತಿ ಬೆಳಿಗ್ಗೆಯೇ ಕೆಂಗೇರಿಯ ಅಣ್ಣನ ಮನೆಗೆ ಹೋದಳು, ಸಂಜೆಯೊಳಗೆ ವಾಪಸ್ ಬರ್ತಾಳೆ ಅಂದರು. ಸಂಜೆ ಅಂದರೆ ಎಷ್ಟು ಗಂಟೆ? ಗೊತ್ತಿಲ್ಲ. ಅಳು ಒತ್ತಿ ಬಂತು. ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅತ್ತೆ ಸೆರಗು ಬಿಗಿದು ಸಿಕ್ಕಿಸಿದರು. "ಏಳೇ ತುಂಗಾ. ಕೆಂಗೇರಿನೂ ಪಶ್ಚಿಮವೇ."

ರಾಮಕ್ಕನ ಹತ್ತಿರ ವಿಳಾಸ ಕೇಳಿಕೊಂಡು, ನೇರ ಮೆಜೆಸ್ಟಿಕ್ಕಿಗೆ ಬನ್ನಿ ಅಂತ ಇವರಿಗೆ ಚೀಟಿ ಬರೆದು ನಮ್ಮ ಮನೆ ಬಾಗಿಲಿಗೆ ಸಿಕ್ಕಿಸಿ, ಮಾರ್ಕೆಟ್‌ಗೆ ಹೋಗಿ ಕೆಂಗೇರಿ ಬಸ್ಸು ಹಿಡಿದೆವು. ಸತ್ಯವತಿ ಅಣ್ಣನ ಮನೆಯ ಬಾಗಿಲಲ್ಲೇ ಚಪ್ಪಲಿ ಮೆಟ್ಟುತ್ತಿದ್ದಳು, ವಾಪಸ್ ಹೊರಡುವುದಕ್ಕೆ. ಪಕ್ಕದಲ್ಲಿ ನಮ್ಮ ಚೀಲ. ಪ್ರಸ್ಥಾನದ ಚೀಲವನ್ನು ಬೀಗ ಹಾಕಿದ ಮನೆಯಲ್ಲಿ ಒಂಟಿಯಾಗಿ ಬಿಡಲು ಮನಸ್ಸು ಬರಲಿಲ್ಲವಂತೆ. ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಹೋಗಿದ್ದಾಳೆ. ಅತ್ತೆ ಅವಳ ಗಲ್ಲ ಹಿಡಿದು ನೆಟಿಗೆ ಮುರಿದರು.

ಕೆಂಗೇರಿಯಿಂದ ನೇರ ಇಲ್ಲಿಗೆ. ಚೀಲ ಮನೆ ಮುಟ್ಟಲಿಲ್ಲ. ಇವರು ಪುಳಿಯೋಗರೆ ಡಬ್ಬಿ, ಸ್ವೆಟರ್ ಹಿಡಿದು ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದರು. ನನ್ನ ಕೆದರಿದ ತಲೆ ನೋಡಿ, ಈಗಲೇ ಸಮುದ್ರಕ್ಕೆ ಹೋಗಿಬಂದ ಹಾಗಿದೀಯ ಅಂದರು. ಬಸ್ಸು ಬಂತು.

೧೫, ಭಾನುವಾರ. ಹದ್ದಿನಕೋಡಿ, ಬೆಳಿಗ್ಗೆ

ಬಂಡೆಯ ಮರೆಯಲ್ಲಿ ಕೂತಿದ್ದೇನೆ. ಪುಟವನ್ನು ಮಂಡಿಯಿಂದ ಅದುಮಿಕೊಂಡು ಬರೆಯಬೇಕು. ನಿನ್ನೆ ಒಂದಕ್ಷರವೂ ಬರೆಯಲಾಗಲಿಲ್ಲ. ಸಮುದ್ರ ನೋಡಿದೆ, ಅಳು ಬಂತು. ಅತ್ತೆಯೂ ಅತ್ತರು, ಆಮೇಲೆ ಗಾಳಿಗೆ ಕಣ್ಣಲ್ಲಿ ನೀರು ಬಂತು ಅಂದರು.

ಈಗ ಅಗೋ, ತುದಿಯಿಂದ ಹತ್ತು ಮಾರು ಈಚೆ ನಿಂತಿದ್ದಾರೆ. ಸೆರಗು ಬಾವುಟ, ಜಡೆ ಬಿಚ್ಚಿದೆ, ಚಿಕ್ಕ ಹುಡುಗಿಯ ನಗು. ಆಗಲೇ ಮರೆಗೆ ಬಂದಿದ್ದಾಗ, ನಾಳೆ ಹೊರಡಬೇಕಲ್ಲ ಅತ್ತೆ ಅಂದೆ. ಸೋಮವಾರ ಪೂರ್ವಕ್ಕೆ ಹೋಗಬಾರದು ಕಣೇ ಅಂದರು. ಹಾಗಾದರೆ ಇವತ್ತೇ ಚೀಲ ಪ್ರಸ್ಥಾನ ಇಡೋಣವಾ ಅಂದೆ. ಕಿವಿ ಕೇಳಿಸದವರ ಹಾಗೆ ಆ ಕಡೆ ತಿರುಗಿದರು.

ನೀಲಮ್ಮನ ಹಾಳೆ. ನಿಂತುಕೊಳ್ಳೋಕೆ ಆಗುತ್ತಾ — ಆಗುತ್ತೆ, ಆದರೆ ಬಾಗಿ. ಛತ್ರಿ ಮಗುಚುತ್ತಾ — ಸತ್ಯವತಿ ಸುಳ್ಳು ಹೇಳಿಲ್ಲ, ಮಗುಚಿ ಹೋಗೇಹೋಯಿತು, ಹೊಸದು. ಕೂಗಿದರೆ ಕೇಳಲ್ವಾ — ತುದಿಯ ಹತ್ತಿರ ನಿಂತು ನಿಮ್ಮ ನಲವತ್ತು ಹೆಸರೂ ಕೂಗಿದೆ, ಒಂದೂ ನನಗೆ ಕೇಳಲಿಲ್ಲ. ಬಾಣದ ಗುರುತು ನಾಲ್ಕು ಸಾಕಾ — ಸಾಲದು, ಬೋರ್ಡೇ ಸಾಲದು.

ಕೊನೆಯದು, ಕೆಳಗೆ ಗೆರೆ ಎಳೆದು ಬರೆದಿದ್ದಾಳೆ. ಮಿಸ್, ನೀವು ಸುಳ್ಳು ಹೇಳಿದ್ರಲ್ಲ ಆ ಸಮುದ್ರ ಚೆನ್ನಾಗಿತ್ತಾ, ನಿಜವಾದ್ದು ಚೆನ್ನಾಗಿದೆಯಾ?

ನೀಲಮ್ಮಾ, ನಿಜವಾದ್ದು ನನಗೆ ಚೆನ್ನಾಗಿ ಹೇಳಲು ಬರುವುದಿಲ್ಲ ಕಣೇ, ಅಷ್ಟು ಚೆನ್ನಾಗಿದೆ.